ಸೌದೆ ಇಳಿಜಾರಲ್ಲಿ ಬರುತ್ತದೆ: ಒಂದು ಎಟಿವಿ ಆಯ್ಕೆಯ ಕಥೆ

ಭಾವ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ಸೌದೆ ಹೊರೋಕೆ ಎಷ್ಟು ಸಿಸಿ ಎಟಿವಿ ತಗೊಳ್ಳಲಿ?" (ಎಟಿವಿ ಅಂದರೆ ದಪ್ಪ ಟೈರಿನ, ಬೈಕಿನ ಹಾಗೆ ಕೂತು ಹ್ಯಾಂಡಲ್ ಹಿಡಿದು ಕಾಡುಮೇಡಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ.) ನಾನೂ ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ: "700 ಸಿಸಿ ತಗೊಳ್ಳಿ ಭಾವ, ಸಾಲಲ್ಲ ಅನ್ನೋ ಮಾತೇ ಬರಲ್ಲ." ಆ ಉತ್ತರ ತಪ್ಪು. ಅದು ತಪ್ಪು ಅಂತ ಗೊತ್ತಾಗಲು ಎರಡು ತಿಂಗಳು, ಒಂದು ಅಳತೆ ಟೇಪು, ಮನೆಯಲ್ಲಿ ಮೈತೂಕ ನೋಡುವ ಯಂತ್ರ ಮತ್ತು ಒಂದು ಸಲ ಚೆನ್ನಾಗಿ ಹೆದರಿಕೊಳ್ಳುವುದು ಬೇಕಾಯಿತು.

ಮೊದಲು ಪರಿಸ್ಥಿತಿ ಹೇಳಿಬಿಡುತ್ತೇನೆ. ಅಕ್ಕ-ಭಾವನ ಮನೆಗೆ ವರ್ಷಕ್ಕೆ ಸುಮಾರು 14 ಘನ ಮೀಟರ್ ಸೌದೆ ಬೇಕು. ಇದು ಒಟ್ಟಿದ ಸೌದೆಯ ಲೆಕ್ಕ, ನಡುವಿನ ಗಾಳಿಯೂ ಸೇರಿ. ಮರ ಇರುವುದು ಮನೆಯಿಂದ 900 ಮೀಟರ್ ದೂರದಲ್ಲಿ, ಎತ್ತರದಲ್ಲಿ. ದಾರಿಯ ನಡುವೆ ಒಂದು ಕಡೆ ಮಳೆಗಾಲದಲ್ಲಿ ಪಾದ ಹೂತುಹೋಗುವಷ್ಟು ಜೌಗು. ಇನ್ನೊಂದು ಕಡೆ ಎರಡು ದಪ್ಪ ಮರಗಳ ನಡುವೆ 140 ಸೆಂ.ಮೀ. ಸಂದಿ. ಆ ಮರಗಳನ್ನು ಕಡಿಯಲು ಅಕ್ಕ ಸುತರಾಂ ಒಪ್ಪಲಿಲ್ಲ. ಮನೆ ಹತ್ತಿರ ಬಂದಾಗ ಕೊನೆಯ 120 ಮೀಟರಿನಲ್ಲಿ ದಾರಿ 20 ಮೀಟರ್ ಇಳಿಯುತ್ತದೆ, ಅಂದರೆ ಆರಕ್ಕೆ ಒಂದು. ಸೌದೆ ಬಿಟ್ಟರೆ ಬೇಲಿ ಕಂಬ, ನೀರಿನ ಡ್ರಮ್ಮು, ಮೇವಿನ ಮೂಟೆ, ಔಷಧಿ ಸಿಂಪಡಿಸುವ ಟ್ಯಾಂಕು, ಇಂಥ ಸಣ್ಣಪುಟ್ಟ ಕೆಲಸ ವರ್ಷಪೂರ್ತಿ ಇದ್ದದ್ದೇ. ಇಷ್ಟು ವರ್ಷ ಇದೆಲ್ಲ ಒಂಟಿಗಾಲಿಯ ತಳ್ಳುಗಾಡಿಯಲ್ಲಿ ನಡೆದಿತ್ತು. ಭಾವನ ಮೊಣಕಾಲು ಇನ್ನು ಸಾಕು ಅಂದಿತು.

ಎಟಿವಿಯೇ ಯಾಕೆ ಅಂತ ಕೇಳಬಹುದು. ನಾವೂ ಕೇಳಿಕೊಂಡೆವು. ಚಿಕ್ಕ ಟ್ರ್ಯಾಕ್ಟರ್ ಆದರೂ ಎಟಿವಿಗಿಂತ ಎಷ್ಟೋ ಭಾರ, ಜೌಗಿನಲ್ಲಿ ಎರಡು ಸಲ ಓಡಾಡಿದರೆ ಅಲ್ಲಿ ದಾರಿಯೇ ಉಳಿಯುವುದಿಲ್ಲ. ಅಕ್ಕಪಕ್ಕ ಇಬ್ಬರು ಕೂರುವ, ಹಿಂದೆ ಡಬ್ಬಿ ಇರುವ ಯುಟಿವಿ ನಿಜಕ್ಕೂ ಒಳ್ಳೆ ಗಾಡಿ. ಸೀಟ್ ಬೆಲ್ಟ್ ಇರುತ್ತದೆ, ಉರುಳಿದರೆ ತಲೆ ಕಾಯುವ ಕಂಬಿಗಳ ಚೌಕಟ್ಟು ಇರುತ್ತದೆ. ನಮ್ಮ ಜಾಗ ಅಗಲವಾಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ನಾವು ನೋಡಿದ ಯುಟಿವಿಗಳೆಲ್ಲ 145 ಸೆಂ.ಮೀ. ಮೀರಿದವು. ಎರಡು ಮರ, ಒಂದು ಅಕ್ಕ. ಅಲ್ಲಿಗೆ ಆ ಮಾತು ಮುಗಿಯಿತು. ಎಟಿವಿ ಸಾಮಾನ್ಯವಾಗಿ 120 ಸೆಂ.ಮೀ. ಆಸುಪಾಸು. ಟೈರಿನಲ್ಲಿ ಗಾಳಿ 5 ಪಿಎಸ್ಐ ಅಷ್ಟೇ, ಅಂದರೆ ನೆಲದ ಮೇಲೆ ಬೀಳುವ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರಾಗಿ 0.35 ಕೆಜಿ. ಜೌಗಿಗೆ ಇದು ಹೇಳಿ ಮಾಡಿಸಿದ ಹಾಗೆ. (ಕಾರಿನ ಗಾಳಿ ಅಳೆಯುವ ಗೇಜ್ ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ. ಕಡಿಮೆ ಒತ್ತಡದ ಗೇಜ್ ಬೇರೆಯೇ ಸಿಗುತ್ತದೆ, ಅದು ಬೇಕೇ ಬೇಕು. ಒಂದು ಪಿಎಸ್ಐ ಹೆಚ್ಚುಕಮ್ಮಿ ಆದರೂ ಗಾಡಿ ಒಂದು ಕಡೆ ಎಳೆಯುತ್ತದೆ.)

ನಡುವೆ ಒಬ್ಬರು ಹಳೆಯ ಮೂರು ಚಕ್ರದ ಎಟಿವಿ ಸುಮ್ನೆ ಕೊಡುತ್ತೇನೆ ಅಂದರು. ಭಾವನಿಗೆ ಆಸೆ ಆಯಿತು. ಹೋಂಡಾ 1970ರಲ್ಲಿ ಶುರು ಮಾಡಿದ್ದು ಮೂರು ಚಕ್ರದಲ್ಲೇ. ಆದರೆ ಮುಂದೆ ಒಂದೇ ಚಕ್ರ ಇದ್ದರೆ ತಿರುವಿನಲ್ಲಿ, ಓರೆ ನೆಲದಲ್ಲಿ ಮಗುಚುವುದು ತುಂಬಾ ಸುಲಭ. ಸಾವುನೋವು ಎಷ್ಟಾಯಿತೆಂದರೆ 1988ರಲ್ಲಿ ಅಮೆರಿಕದ ಸರ್ಕಾರದ ಜೊತೆ ಆದ ಒಪ್ಪಂದದಲ್ಲಿ ಕಂಪನಿಗಳು ಅಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಿದವು. ಅದರ ಹಿಂದೆ ಟ್ರೈಲರ್ ಕಟ್ಟಿ ಇಳಿಜಾರು ಇಳಿಯುವುದನ್ನು ನೆನೆಸಿಕೊಂಡರೆ ಸಾಕು. ಬೇಡ ಅಂದೆವು.

ತೂಕದ ಲೆಕ್ಕ

ಸಿಸಿ ಬಗ್ಗೆ ಜಗಳ ಆಡುವ ಮೊದಲು ಸೌದೆ ತೂಗೋಣ ಅಂದೆ. ಗಟ್ಟಿ ಜಾತಿಯ ಮರ. ಕಡಿದ ಹೊಸದರಲ್ಲಿ ಒಟ್ಟಿದ ಒಂದು ಘನ ಮೀಟರ್ ಹತ್ತಿರ ಹತ್ತಿರ 640 ಕೆಜಿ ಬಂತು. ಹಿಂದಿನ ವರ್ಷ ಕಡಿದು ಅಲ್ಲೇ ಒಟ್ಟಿಟ್ಟಿದ್ದ ಸೌದೆ 430ರ ಹತ್ತಿರ. ಮರ ಅದೇ, ಒಲೆಯಲ್ಲಿ ಕೊಡುವ ಬಿಸಿ ಕಡಿಮೆ ಇಲ್ಲ, ಜಾಸ್ತಿಯೇ. ಹೋಗಿದ್ದು ಬರೀ ನೀರು.

ಇಷ್ಟು ದಿನ ಭಾವ ಹಸಿ ಸೌದೆಯನ್ನೇ ಮನೆಗೆ ತಂದು, ಮನೆ ಹಿಂದೆ ಒಣಗಿಸುತ್ತಿದ್ದರು. ಅಂದರೆ ವರ್ಷಕ್ಕೆ 9 ಟನ್ ಹೊರುತ್ತಿದ್ದರು, ಅದರಲ್ಲಿ 3 ಟನ್ ಬರೀ ನೀರು. ಮೇಲೇ ಸೀಳಿ, ಕೆಳಗೆ ಎರಡು ಕೊಂಬೆ ಹಾಕಿ ನೆಲದಿಂದ ಎತ್ತರದಲ್ಲಿ ಒಟ್ಟಿ, ಮೇಲುಭಾಗ ಮಾತ್ರ ಮುಚ್ಚಿ ಒಂದು ಬೇಸಿಗೆ ಕಳೆದರೆ ಹೊರುವುದು 6 ಟನ್. ಒಂದು ಸಲಕ್ಕೆ 350 ಕೆಜಿ ಅಂದುಕೊಂಡರೆ ಹಸಿಯಾದರೆ 26 ಸರ್ತಿ, ಒಣಗಿದ್ದಾದರೆ 17 ಸರ್ತಿ. ಗಾಡಿ ಕೊಳ್ಳುವ ಮೊದಲೇ ಒಂಬತ್ತು ಸುತ್ತು ಉಳಿಯಿತು. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇಪ್ಪತ್ತು ವರ್ಷ ನೀರು ಹೊತ್ತೆ ಅನ್ನು" ಅಂದರು.

ಇನ್ನೊಂದು ತಪ್ಪು ಕಲ್ಪನೆ ಇತ್ತು. ಎಟಿವಿ ಮೇಲಿನ ಕ್ಯಾರಿಯರ್ ಮೇಲೇ ಸೌದೆ ಹೇರಬಹುದು ಅಂತ. ಮಧ್ಯಮ ಗಾತ್ರದ ಗಾಡಿಗಳಲ್ಲಿ ಮುಂದಿನ ಕ್ಯಾರಿಯರ್‌ಗೆ 40 ಕೆಜಿ, ಹಿಂದಿನದಕ್ಕೆ 80 ಕೆಜಿ ಅಂದರೆ ಅದೇ ಹೆಚ್ಚು. ಎತ್ತರದಲ್ಲಿ ಭಾರ ಇಟ್ಟಷ್ಟೂ ಗಾಡಿ ಮಗುಚಲು ಸಿದ್ಧ. ಕ್ಯಾರಿಯರ್ ಇರುವುದು ಗರಗಸ, ಪೆಟ್ರೋಲ್ ಕ್ಯಾನು, ಬೆಣೆ, ಹಗ್ಗಕ್ಕೆ. ಸೌದೆ ಬರಬೇಕಾದ್ದು ಟ್ರೈಲರಿನಲ್ಲಿ.

ಹಾಗಾಗಿ ಲೆಕ್ಕ ಹೀಗಾಯಿತು. ಟ್ರೈಲರ್ ಖಾಲಿ 130 ಕೆಜಿ, ಸೌದೆ 350, ಒಟ್ಟು 480. ಎಟಿವಿ 290 ಆಸುಪಾಸು, ಮೇಲೆ ಭಾವ 80. ಎಳೆಯುವ ಗಾಡಿಗಿಂತ ಎಳೆಸಿಕೊಳ್ಳುವ ಗಾಡಿಯೇ ಭಾರ. ಏರಿನಲ್ಲಿ ಇದು ಬರೀ ಎಂಜಿನ್ ಶಕ್ತಿಯ ಪ್ರಶ್ನೆ. ಇಳಿಜಾರಲ್ಲಿ ಹಾಗಲ್ಲ.

ಇಲ್ಲೇ ನನಗೆ ತಲೆಯಲ್ಲಿ ದೀಪ ಹತ್ತಿದ್ದು. ಮರ ಮೇಲಿದೆ, ಮನೆ ಕೆಳಗಿದೆ. ಏರುವಾಗ ಟ್ರೈಲರ್ ಯಾವಾಗಲೂ ಖಾಲಿ. ಭಾರ ಇರುವುದು ಇಳಿಯುವಾಗ ಮಾತ್ರ. ಆರಕ್ಕೆ ಒಂದರ ಇಳಿಜಾರಲ್ಲಿ 480 ಕೆಜಿಯ ಟ್ರೈಲರ್ ಹಿಂದಿನಿಂದ 80 ಕೆಜಿಯಷ್ಟು ಬಲದಲ್ಲಿ ಬಿಡದೆ ತಳ್ಳುತ್ತಿರುತ್ತದೆ. ನಾವು ಇಷ್ಟು ದಿನ ಎಳೆಯುವ ಶಕ್ತಿ ಬಗ್ಗೆ ಮಾತಾಡುತ್ತಿದ್ದೆವು, ಬೇಕಿದ್ದದ್ದು ತಡೆಯುವ ಶಕ್ತಿ. 700 ಸಿಸಿ ಬೇಕು ಅಂದ ನನ್ನ ಮಾತಿಗೆ ಈಗ ಅರ್ಥವೇ ಇರಲಿಲ್ಲ.

ಹೆದರಿದ ದಿನ

ಲೆಕ್ಕ ಸರಿಯೋ ಅಂತ ನೋಡಲು ಪರಿಚಯದವರ ಒಂದು ಗಾಡಿ ಎರವಲು ತಂದೆವು. ಹೆಸರು ಬೇಡ. ದೊಡ್ಡ ಎಂಜಿನ್, ಬೆಲ್ಟ್ ಆಟೋಮ್ಯಾಟಿಕ್, ನೋಡಲು ಗತ್ತು. ಟ್ರೈಲರಿಗೆ ಮರಳು ಮೂಟೆ ಹೇರಿದೆವು, 200 ಕೆಜಿ ಮಾತ್ರ. ಹಿಂದಿನ ರಾತ್ರಿ ಮಳೆ ಬಂದಿತ್ತು. ನಾನೇ ಕೂತೆ.

ಏರು ಹತ್ತಿದ್ದು ಗೊತ್ತೇ ಆಗಲಿಲ್ಲ. ಇಳಿಯುವಾಗ ಮೊದಲ ಮೂವತ್ತು ಮೀಟರ್ ಎಂಜಿನ್ ಗುರುಗುಟ್ಟುತ್ತಾ ಚೆನ್ನಾಗಿ ಹಿಡಿದುಕೊಂಡಿತ್ತು. ನಿಧಾನ ಮಾಡೋಣ ಅಂತ ಬ್ರೇಕ್ ಸ್ವಲ್ಪ ಒತ್ತಿದೆ, ವೇಗ ಇಳಿಯಿತು, ಎಂಜಿನ್ ಸದ್ದು ಐಡಲಿಗೆ, ಅಂದರೆ ಆಕ್ಸಿಲರೇಟರ್ ಕೊಡದಾಗಿನ ಕನಿಷ್ಠ ವೇಗಕ್ಕೆ ಬಂತು, ಮರುಕ್ಷಣ ಕೆಳಗಿನಿಂದ ಯಾರೋ ಗಾಡಿಯನ್ನು ಕೈಬಿಟ್ಟ ಹಾಗೆ ಆಯಿತು. ನ್ಯೂಟ್ರಲ್‌ಗೆ ಬಿದ್ದಂತೆ ಗಾಡಿ ಉರುಳತೊಡಗಿತು. ಬ್ರೇಕ್ ಜೋರಾಗಿ ಹಿಡಿದೆ. ಹಿಂದಿನ ಚಕ್ರ ಲಾಕ್ ಆಗಿ ಕೆಸರಲ್ಲಿ ಜಾರಿತು, ಟ್ರೈಲರ್ ಎಡಗಡೆಯಿಂದ ನನ್ನ ಪಕ್ಕಕ್ಕೇ ಬರತೊಡಗಿತು. ಬ್ರೇಕ್ ಬಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಎಳೆದುಕೊಂಡೆ, ಅದೃಷ್ಟಕ್ಕೆ ನೇರವಾಯಿತು. ಕೆಳಗೆ ಬಂದು ಇಳಿದಾಗ ಕಾಲು ನಡುಗುತ್ತಿತ್ತು. ಅಕ್ಕ ಏನೂ ಅನ್ನಲಿಲ್ಲ, ನೀರು ತಂದುಕೊಟ್ಟಳು.

ಆಗಿದ್ದು ಇಷ್ಟು. ಬೆಲ್ಟ್ ಗಾಡಿಯಲ್ಲಿ ಎರಡು ರಾಟೆ, ನಡುವೆ ಬೆಲ್ಟು. ಎಷ್ಟೋ ಮಾದರಿಗಳಲ್ಲಿ ಎಂಜಿನ್ ವೇಗ ಹೆಚ್ಚಿದಾಗ ಮುಂದಿನ ರಾಟೆ ಬೆಲ್ಟನ್ನು ಹಿಂಡಿ ಹಿಡಿಯುತ್ತದೆ, ಐಡಲಿಗೆ ಇಳಿದಾಗ ಬಿಟ್ಟುಬಿಡುತ್ತದೆ. ಬಿಟ್ಟ ಮೇಲೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಇಲ್ಲ. ಮೋಜಿಗೆ ಓಡಿಸುವವರಿಗೆ ಇದು ದೊಡ್ಡ ವಿಷಯ ಅಲ್ಲ. ಭಾರ ಹೊತ್ತು ನಡಿಗೆಯ ವೇಗದಲ್ಲಿ ಇಳಿಯುವವರಿಗೆ ಇದೇ ವಿಷಯ. ಪೊಲಾರಿಸ್ 1985ರಲ್ಲಿ ಟ್ರೈಲ್ ಬಾಸ್ ಜೊತೆ ಎಟಿವಿಗೆ ಆಟೋಮ್ಯಾಟಿಕ್ ತಂದ ಮೇಲೆ ಬೆಲ್ಟೇ ಎಲ್ಲ ಕಡೆ ಹರಡಿತು, ಯಾಕೆಂದರೆ ಓಡಿಸುವುದು ಸುಲಭ. ಆಮೇಲೆ ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ಇಳಿಜಾರಿನ ಸಮಸ್ಯೆಗೆ ಉತ್ತರ ಹುಡುಕಿತು. ಕೊಳ್ಳುವಾಗ ಕೇಳಬೇಕಾದ್ದು "ಎಂಜಿನ್ ಬ್ರೇಕಿಂಗ್ (ಇಳಿಯುವಾಗ ಎಂಜಿನ್ನೇ ಚಕ್ರವನ್ನು ತಡೆಯುವುದು) ಇದೆಯಾ" ಅಂತ ಅಲ್ಲ, ಎಲ್ಲರೂ ಇದೆ ಅನ್ನುತ್ತಾರೆ. "ಐಡಲ್‌ನಲ್ಲಿ ನಿಲ್ಲುವವರೆಗೂ ಹಿಡಿದಿರುತ್ತಾ" ಅಂತ ಕೇಳಬೇಕು. ಇನ್ನೂ ಒಳ್ಳೆಯದು ಇಳಿಜಾರಿಗೆ ಒಯ್ದು ಆಕ್ಸಿಲರೇಟರ್ ಬಿಟ್ಟು ನೋಡುವುದು.

ಕೊನೆಗೆ ಉಳಿದ ಎರಡು

ಬಜೆಟ್ ಹೊಸದಕ್ಕೆ ಸಾಲುತ್ತಿರಲಿಲ್ಲ, ಆದ್ದರಿಂದ ಹುಡುಕಾಟ ಸೆಕೆಂಡ್ ಹ್ಯಾಂಡ್‌ನಲ್ಲೇ. ಪಟ್ಟಿಯಲ್ಲಿ ಉಳಿದದ್ದು ಹೋಂಡಾ ರ‍್ಯಾಂಚರ್ 420 ಮತ್ತು ಯಮಹಾ ಕೋಡಿಯಾಕ್ 450.

ರ‍್ಯಾಂಚರ್ ನನಗೆ ಮನಸ್ಸಿಗೆ ಹತ್ತಿರ. ಬೆಲ್ಟೇ ಇಲ್ಲ, ಬೈಕಿನ ಹಾಗೆ ಕಾಲಲ್ಲಿ ಗೇರು ಹಾಕುವುದು, ಕ್ಲಚ್ ಹಿಡಿ ಮಾತ್ರ ಇಲ್ಲ. ಗೇರಿನಲ್ಲಿ ಇರುವಷ್ಟು ಹೊತ್ತು ಎಂಜಿನ್ ಚಕ್ರವನ್ನು ಹಿಡಿದಿರುತ್ತದೆ. ಎಂಜಿನ್ನನ್ನು ಗಾಡಿಯ ಉದ್ದಕ್ಕೆ ಕೂರಿಸಿರುವುದರಿಂದ ಶಕ್ತಿ ನೇರವಾಗಿ ಮುಂದಕ್ಕೂ ಹಿಂದಕ್ಕೂ ಹೋಗುತ್ತದೆ, ನಡುವೆ ತಿರುವುಮುರುವು ಕಡಿಮೆ. ನಾವು ನೋಡಿದ್ದರಲ್ಲಿ ಹಿಂದಿನ ಆಕ್ಸಲ್ ಒಂದೇ ಗಟ್ಟಿ ಕಂಬ. ಕುಳಿತವರ ಸೊಂಟಕ್ಕೆ ಅದು ಒಳ್ಳೆಯದಲ್ಲ, ಆದರೆ ಭಾರ ಬಿದ್ದಾಗ ಹಿಂಭಾಗಕ್ಕೂ ನೆಲಕ್ಕೂ ನಡುವಿನ ಅಂತರ ಕುಗ್ಗುವುದಿಲ್ಲ, ಓರೆ ನೆಲದಲ್ಲಿ ಮೈ ವಾಲುವುದೂ ಕಡಿಮೆ, ಹರಿಯಲು ರಬ್ಬರ್ ಬೂಟೂ (ಆಕ್ಸಲ್ ಜಾಯಿಂಟಿಗೆ ಕೆಸರು ಹೋಗದಂತೆ ಮುಚ್ಚುವ ಚೀಲ) ಕಡಿಮೆ.

ತೊಡಕು ಎರಡು. ಕೈಪಿಡಿಯಲ್ಲಿ ಎಳೆಯುವ ಮಿತಿ 385 ಕೆಜಿ ಅಂತ ಇತ್ತು, ಟ್ರೈಲರ್ ತೂಕ ಸೇರಿ. ನಮ್ಮದು 480. "ಅದೆಲ್ಲ ಸುಮ್ನೆ ಬರೆದಿರ್ತಾರೆ, 600 ಎಳೆದಿದ್ದೀನಿ" ಅನ್ನುವವರು ಬೇಕಾದಷ್ಟು ಜನ ಸಿಕ್ಕರು. ಎಳೆಯುತ್ತದೆ, ನಿಜ. ಆ ಅಂಕಿ ಎಳೆಯುವುದಕ್ಕೆ ಮಾತ್ರ ಅಲ್ಲ, ನಿಲ್ಲಿಸುವುದಕ್ಕೂ ಸೇರಿದ್ದು. ಎರಡನೆಯದು, ಇದರಲ್ಲಿ ಲೋ ರೇಂಜ್, ಅಂದರೆ ಭಾರದ ಕೆಲಸಕ್ಕೆ ಇನ್ನೂ ನಿಧಾನವಾಗಿ ಓಡಿಸುವ ಗೇರು, ಇಲ್ಲ. ಮೊದಲ ಗೇರೇ ಕೊನೆ. ಮೇಲಾಗಿ ಭಾವನ ಮೊಣಕಾಲು ಎಡಗಾಲಿನದು, ಗೇರು ಹಾಕಬೇಕಾದ್ದೂ ಅದೇ ಕಾಲಲ್ಲಿ. ಇದು ಯಾವ ಪಟ್ಟಿಯಲ್ಲೂ ಇರದ ವಿಷಯ, ಆದರೆ ಓಡಿಸುವವರು ಅವರು ತಾನೆ.

ಕೋಡಿಯಾಕ್ 450, ಹೆಸರಲ್ಲಿ 450 ಇದ್ದರೂ ಎಂಜಿನ್ 421 ಸಿಸಿ. ಇದೂ ಬೆಲ್ಟೇ. ಆದರೆ ಬೆಲ್ಟ್ ಯಾವಾಗಲೂ ಬಿಗಿಯಾಗೇ ಇರುತ್ತದೆ. ಹಿಡಿದು ಬಿಡುವ ಕೆಲಸಕ್ಕೆ ಬೇರೆ ಕ್ಲಚ್, ಅದರ ಜೊತೆ ಒಂದೇ ದಿಕ್ಕಿನಲ್ಲಿ ಕಚ್ಚುವ ಇನ್ನೊಂದು ಕ್ಲಚ್. ಇಳಿಯುವಾಗ ಚಕ್ರ ಎಂಜಿನ್ನನ್ನು ತಿರುಗಿಸುತ್ತದೆ, ಎಂಜಿನ್ ಅದನ್ನು ತಡೆಯುತ್ತದೆ, ಐಡಲಿಗೆ ಬಂದರೂ ಕೈಬಿಡುವುದಿಲ್ಲ. ನಾಲ್ಕು ಚಕ್ರದಲ್ಲಿ ಹಾಕಿಕೊಂಡರೆ ಆ ತಡೆ ನಾಲ್ಕಕ್ಕೂ ಹಂಚಿಕೆಯಾಗುತ್ತದೆ, ಹಿಂದಿನ ಚಕ್ರ ಮಾತ್ರ ಲಾಕ್ ಆಗಿ ಜಾರುವ ಪ್ರಸಂಗ ಬರುವುದಿಲ್ಲ. ಲೋ ರೇಂಜ್ ಇದೆ. ಎಳೆಯುವ ಮಿತಿ 600 ಕೆಜಿ. ಹಿಂದಿನ ಬ್ರೇಕ್ ಎಣ್ಣೆಯೊಳಗೆ ಮುಚ್ಚಿಕೊಂಡಿರುವ ಬಗೆಯದು, ಜೌಗಿನ ಕೆಸರು ಒಳಗೆ ಹೋಗುವುದಿಲ್ಲ. ಇದರ ಕೊರತೆ ಅಂದರೆ ನಾಲ್ಕೂ ಚಕ್ರಕ್ಕೆ ಬಿಡಿಬಿಡಿ ಸಸ್ಪೆನ್ಷನ್, ಅಂದರೆ ನಾಲ್ಕು ಅರ್ಧ ಆಕ್ಸಲ್, ಎಂಟು ರಬ್ಬರ್ ಬೂಟು. ಭಾರ ಬಿದ್ದರೆ ಹಿಂಭಾಗ ಕೂರುತ್ತದೆ.

ಅದೇ ಇಳಿಜಾರಿನಲ್ಲಿ ಎರಡನ್ನೂ ಇಳಿಸಿ ನೋಡಿದೆವು. ರ‍್ಯಾಂಚರ್ 150 ಕೆಜಿ ಮರಳಿನ ಜೊತೆ ಚೆನ್ನಾಗಿ ಬಂತು. ಕೋಡಿಯಾಕ್ ಲೋನಲ್ಲಿ 300 ಕೆಜಿಯ ಜೊತೆ ಮುದುಕರ ನಡಿಗೆಯಲ್ಲಿ ಬಂತು. ಭಾವ ಬ್ರೇಕ್ ಮೇಲೆ ಬೆರಳನ್ನೂ ಇಡಲಿಲ್ಲ. ಅಲ್ಲಿಗೆ ತೀರ್ಮಾನ ಆಯಿತು. ನಿಮ್ಮ ಮರ ಕೆಳಗಿದ್ದು ಮನೆ ಮೇಲಿದ್ದರೆ, ಅಥವಾ ನೆಲ ಸಮತಟ್ಟಾಗಿದ್ದರೆ, ನಾನು ಈಗಲೂ ಆ ಗೇರಿನ ಗಾಡಿಯನ್ನೇ ಆರಿಸಿಕೊಳ್ಳುತ್ತೇನೆ.

ಹಳೆ ಗಾಡಿ ನೋಡುವಾಗ

ಮೊದಲು ನೋಡಿದ ಗಾಡಿ ಹೊಸದರಂತೆ ಹೊಳೆಯುತ್ತಿತ್ತು. "ಬರೀ 2,050 ಕಿಲೋಮೀಟರ್ ಓಡಿದೆ ಸರ್" ಅಂದರು ಮಾರುವವರು. ಮೀಟರಿನ ಗುಂಡಿ ಒತ್ತಿ ಗಂಟೆ ನೋಡಿದೆ, 410. ಭಾಗಿಸಿದರೆ ಗಂಟೆಗೆ 5 ಕಿಲೋಮೀಟರ್. ಅಂದರೆ ಈ ಗಾಡಿ ಓಡಿಲ್ಲ, ದುಡಿದಿದೆ. ದುಡಿದದ್ದು ತಪ್ಪಲ್ಲ, ನಾವೂ ದುಡಿಸಲೇ ಕೊಳ್ಳುವುದು, ಆದರೆ ಕಿಲೋಮೀಟರ್ ತೋರಿಸಿ ಹೊಸದು ಅನ್ನುವುದು ಸರಿಯಲ್ಲ.

ಸೀಟ್ ತೆಗೆದು ಏರ್ ಫಿಲ್ಟರ್ ಬಿಚ್ಚಿದೆ. ಫಿಲ್ಟರ್ ಹೊಚ್ಚ ಹೊಸದು. ಅದರ ಆಚೆ, ಎಂಜಿನ್ ಕಡೆಯ ಕೊಳವೆಯೊಳಗೆ ಬೆರಳು ಹಾಕಿ ಒರೆಸಿದರೆ ಬೆರಳಿಗೆ ಪೌಡರಿನಂಥ ಕೆಂಪು ಧೂಳು ಮೆತ್ತಿಕೊಂಡು ಬಂತು. ಫಿಲ್ಟರ್ ದಾಟಿದ ಧೂಳು ಸಿಲಿಂಡರಿಗೆ ಹೋಗಿಯೇ ಇರುತ್ತದೆ, ಅಲ್ಲಿ ಅದು ಉಜ್ಜುಪುಡಿ. ನಾನು ಬೆರಳು ತೋರಿಸಿದೆ, ಅವರು ಬೇರೆ ಕಡೆ ನೋಡಿದರು. ಇಡೀ ತಪಾಸಣೆಯಲ್ಲಿ ನನಗೆ ಅತಿ ಹೆಚ್ಚು ಹೇಳಿದ್ದು ಆ ಒಂದು ಬೆರಳು.

ಉಳಿದದ್ದು ಬೇಗ ಹೇಳುತ್ತೇನೆ. ನೀವು ಹೋಗುವಷ್ಟರಲ್ಲಿ ಎಂಜಿನ್ ಬೆಚ್ಚಗಿದ್ದರೆ ಅನುಮಾನ ಪಡಿ, ತಣ್ಣಗಿದ್ದಾಗ ಸ್ಟಾರ್ಟ್ ಆಗುವುದನ್ನೇ ನೋಡಬೇಕು. ಎಣ್ಣೆ ಹಾಲು ಬೆರೆತಂತೆ ಕಂಡರೆ ಒಳಗೆ ನೀರು ಹೋಗಿದೆ. ಮುಂಭಾಗ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗ್, ಬಾಲ್ ಜಾಯಿಂಟ್ ಸವೆದಿರುವುದು ಕೈಗೇ ಗೊತ್ತಾಗುತ್ತದೆ. ಫೋರ್ ವೀಲ್ ಗುಂಡಿ ಒತ್ತಿ, ಸಡಿಲ ಮಣ್ಣಲ್ಲಿ ಮುಂದಿನ ಚಕ್ರ ನಿಜಕ್ಕೂ ಎಳೆಯುತ್ತಾ ನೋಡಿ. ಟ್ರೈಲರ್ ಸಿಕ್ಕಿಸುವ ಕೊಕ್ಕೆಯ ಸುತ್ತ ಚೌಕಟ್ಟಿನ ಬೆಸುಗೆಯಲ್ಲಿ ಬಿರುಕು ಇದ್ದರೆ ಅಲ್ಲಿಂದ ಎದ್ದು ಬನ್ನಿ. ನಾವು ಕೊನೆಗೆ ಕೊಂಡದ್ದರಲ್ಲಿ ಪ್ಲಾಸ್ಟಿಕ್ ಎಲ್ಲ ಗೀರು, ಒಂದು ಬೂಟ್ ಹರಿದಿತ್ತು, ಕೊಳವೆ ಒಳಗೆ ಬೆರಳು ಮಾತ್ರ ಸ್ವಚ್ಛವಾಗಿ ಬಂತು.

ಆಮೇಲೆ ಆದದ್ದು

ಎರಡು ಸೌದೆ ಕಾಲ ಮುಗಿದಿದೆ. ಎಂಜಿನ್, ಬೆಲ್ಟ್ ತಂಟೆ ಮಾಡಿಲ್ಲ. ತಂಟೆ ಮಾಡಿದ್ದು ಟ್ರೈಲರ್.

ಮೊದಲ ವಾರವೇ ಭಾವ "ಹ್ಯಾಂಡಲ್ ಹಗುರ ಆಗ್ತಿದೆ ಕಣೋ, ಏರು ಹತ್ತುವಾಗ ತಿರುಗಿಸಿದರೂ ಗಾಡಿ ನೇರ ಹೋಗುತ್ತೆ" ಅಂದರು. ಅಷ್ಟು ಹೊತ್ತಿಗೆ ಅವರು ಮನೆಯಿಂದ ಮೇಲಕ್ಕೆ ಬೇಲಿ ಕಂಬ ಒಯ್ಯಲು ಶುರು ಮಾಡಿದ್ದರು. ಹಿಂದಿನಿಂದ ನೋಡಿದರೆ ಗಾಡಿ ಕುಂಡಿ ಊರಿಕೊಂಡು ಕೂತಿತ್ತು. ಎತ್ತಿನ ಗಾಡಿ ಕಂಡವರಿಗೆ ಇದು ಹೊಸದಲ್ಲ, ಮೂಕಿ ಭಾರ, ಅಂದರೆ ಟ್ರೈಲರಿನ ಮುಂದಿನ ಕಂಬ ಕೊಕ್ಕೆ ಮೇಲೆ ಹೇರುವ ಭಾರ. ಮೈತೂಕದ ಯಂತ್ರ ತಂದು, ಸೌದೆ ತುಂಬಿದ ಟ್ರೈಲರಿನ ಮೂಕಿಯನ್ನು, ಕೊಕ್ಕೆಯ ಎತ್ತರಕ್ಕೆ ಒಂದು ಕೊರಡು ಕೊಟ್ಟು, ಅದರ ಮೇಲೆ ಇಟ್ಟೆವು. ಕೊರಡಿನ ತೂಕ ಕಳೆದು 38 ಕೆಜಿ. ಕೈಪಿಡಿಯಲ್ಲಿದ್ದ ಮಿತಿ 15. ಎಳೆಯುವ ಮಿತಿ 600 ಅಂತ ಎಲ್ಲರೂ ಹೇಳುತ್ತಾರೆ, ಕೊಕ್ಕೆ ಮೇಲೆ ಕೆಳಮುಖವಾಗಿ ಬೀಳುವ ಭಾರದ ಮಿತಿ ಇಷ್ಟು ಚಿಕ್ಕದು ಅಂತ ಯಾರೂ ಹೇಳಲ್ಲ.

ಕೊಕ್ಕೆಯಿಂದ ಆಕ್ಸಲ್‌ಗೆ 160 ಸೆಂ.ಮೀ. ಇತ್ತು. 23 ಕೆಜಿ ಇಳಿಸಬೇಕು. 23ನ್ನು 160ರಿಂದ ಗುಣಿಸಿ 480ರಿಂದ ಭಾಗಿಸಿದರೆ ಸುಮಾರು 8 ಸೆಂ.ಮೀ. ಆಕ್ಸಲ್ಲನ್ನು ಅಷ್ಟು ಮುಂದಕ್ಕೆ ಸರಿಸಿ ಬೋಲ್ಟ್ ಹಾಕಿಸಿದೆವು. ಮತ್ತೆ ತೂಗಿದಾಗ 14. ಹ್ಯಾಂಡಲ್ ಸರಿಹೋಯಿತು. ಮೂಕಿ ಇಷ್ಟು ಹಗುರವಾದರೆ ವೇಗದಲ್ಲಿ ಟ್ರೈಲರ್ ಬಾಲ ಆಡಿಸುತ್ತದೆ, ಆದರೆ ನಾವು ನಡಿಗೆಯ ವೇಗ ದಾಟುವುದಿಲ್ಲ.

ಇನ್ನೊಂದು ಸಲ ಭಾವ ಆತುರಕ್ಕೆ ಒಂದು ಉದ್ದ ದಿಮ್ಮಿಯನ್ನು ಸರಪಳಿ ಹಾಕಿ ಹಿಂದಿನ ಕ್ಯಾರಿಯರ್‌ಗೇ ಕಟ್ಟಿದ್ದರು. ನಾನು ಓಡಿಹೋಗಿ ನಿಲ್ಲಿಸಿದೆ. ದಿಮ್ಮಿ ಎಲ್ಲಾದರೂ ಬೇರಿಗೆ ಸಿಕ್ಕಿಕೊಂಡರೆ, ಕಟ್ಟಿದ ಜಾಗ ಎತ್ತರದಲ್ಲಿದ್ದರೆ, ಚಕ್ರ ತಿರುಗುತ್ತಾ ಗಾಡಿಯ ಮೂತಿ ಮೇಲೆದ್ದು ಓಡಿಸುವವರ ಮೇಲೇ ಬೀಳುತ್ತದೆ. ಎಳೆಯುವುದೇನಿದ್ದರೂ ಕೆಳಗಿನ ಕೊಕ್ಕೆಯಿಂದ. ಆ ದಿನ ಅವರಿಗೆ ನನ್ನ ಮೇಲೆ ಕೋಪ ಬಂದಿತ್ತು, ಇರಲಿ.

ವಿಂಚ್ (ಹಗ್ಗ ಸುತ್ತಿಕೊಂಡು ಭಾರ ಎಳೆಯುವ ಮೋಟಾರು) ಹಾಕಿಸಿದ್ದರಿಂದ ಬ್ಯಾಟರಿ ಎರಡು ಸಲ ಇಳಿದುಹೋಯಿತು. ವಿಂಚ್ ಕುಡಿಯುವಷ್ಟು ಕರೆಂಟನ್ನು ಗಾಡಿ ತಯಾರಿಸುವುದಿಲ್ಲ, ಎಂಜಿನ್ ಓಡುತ್ತಿದ್ದರೂ ನಡುನಡುವೆ ಬಿಟ್ಟು ಬಿಟ್ಟು ಎಳೆಯಬೇಕು. ಒಣ ಕೊಂಬೆಯ ಚೂಪು ಚುಚ್ಚಿ ಇನ್ನೊಂದು ಬೂಟ್ ಹರಿಯಿತು. ಕಂಡ ದಿನವೇ ಬದಲಾಯಿಸಿದ್ದರಿಂದ ಜಾಯಿಂಟ್ ಉಳಿಯಿತು.

ಆ 120 ಮೀಟರಿನ ಇಳಿಜಾರನ್ನೂ ಈಗ ಪೂರ್ತಿ ಬಿಟ್ಟಿದ್ದೇವೆ. ಗುಡ್ಡದ ಪಕ್ಕಕ್ಕೆ ಸುತ್ತು ಹಾಕಿ ಬರುವ ಹಳೆಯ ಕಾಲುದಾರಿಯೊಂದಿತ್ತು, ಪೊದೆ ಕಡಿದು ಅಗಲ ಮಾಡಿದೆವು. 250 ಮೀಟರ್ ಜಾಸ್ತಿ, ಇಳಿಜಾರು ಅರ್ಧಕ್ಕಿಂತಲೂ ಕಡಿಮೆ. ಮಳೆ ಬಂದು ನೆಲ ಜಿಗುಟಾಗಿದ್ದರೆ ಅದರಲ್ಲೂ ಅರ್ಧ ಲೋಡ್ ಮಾತ್ರ.

ಮುಂದಿನ ಸೌದೆ ಕಾಲಕ್ಕೆ ಟ್ರೈಲರಿಗೇ ಬ್ರೇಕ್ ಕೂರಿಸುವ ಯೋಚನೆ ಇದೆ, ಹಿಂದಿನಿಂದ ತಳ್ಳಿದ ಕೂಡಲೇ ತಾನಾಗೇ ಹಿಡಿಯುವ ಬಗೆಯದು. ರಿವರ್ಸ್ ಹೋಗುವಾಗಲೂ ಅದು ಹಿಡಿದುಬಿಡುತ್ತದೆ, ಹಾಗಾಗಿ ಅದಕ್ಕೊಂದು ಅಡ್ಡ ಪಿನ್ ಬೇಕು. ಭಾವ ಆಕ್ಸಲ್ ಅಳತೆ ಬರೆದುಕೊಂಡು ಹೋಗಿದ್ದಾರೆ.